ಬೊಂಬೆಗಳೂ ವರ್ತಮಾನ ಪತ್ರಿಕೆಗಳೂ



ನವರಾತ್ರಿಯ ಪಾಡ್ಯದ ದಿನ ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನಿಂದ ಒಂದು ಹಳೆಯ ಪೆಟ್ಟಿಗೆ ಕೆಳಗಿಳಿಯುತ್ತದೆ. ವರ್ಷವೆಲ್ಲ ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಕೊಂಡು ನಿದ್ರಿಸುತ್ತಿದ್ದ ಪಟ್ಟದ ಬೊಂಬೆಗಳು ಹೊರಬಂದು, ಜರಿಯ ಬಟ್ಟೆ ತೊಟ್ಟು, ಮೇಲಿನ ಮೆಟ್ಟಿಲಿನಲ್ಲಿ ರಾಜರಾಣಿಯರಾಗಿ ವಿರಾಜಿಸುತ್ತವೆ. ಅವುಗಳ ಕೆಳಗೆ ದಶಾವತಾರ. ಅದರ ಕೆಳಗೆ ಮದುವೆಯ ದಿಬ್ಬಣ, ಶೆಟ್ಟಿ ಶೆಟ್ಟಮ್ಮಂದಿರ ಅಂಗಡಿ, ಹಸು ಕರು, ಹುಲಿ ಆನೆ. ಹೀಗೆ ಲೋಕವೇ ಒಂಬತ್ತು ದಿನ ನಮ್ಮ ನಡುಮನೆಗೆ ಬಂದು ಇಳಿದುಕೊಳ್ಳುತ್ತದೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇವೆಲ್ಲವುಗಳ ಜೊತೆಗೆ ಒಬ್ಬ ಪರದೇಶದ ಅತಿಥಿಯೂ ಇದ್ದಾಳೆ. ತಲೆ ಪಿಂಗಾಣಿಯದು, ಮೈ ಬಟ್ಟೆಯದು, ಕಣ್ಣು ನೀಲಿಯ ಗಾಜಿನದು. ಕತ್ತಿನ ಹಿಂಭಾಗದಲ್ಲಿ, ಕೂದಲನ್ನು ಸರಿಸಿ ನೋಡಿದರೆ, ಜರ್ಮನಿಯಲ್ಲಿ ತಯಾರಾದುದೆಂಬ ಅಚ್ಚು ಕಾಣುತ್ತದೆ. ನಮ್ಮ ಮನೆಯವರು ಇವಳನ್ನು ಹಿಂದಿನಿಂದಲೂ ದೊರೆಸಾನಿ ಎಂದೇ ಕರೆಯುತ್ತ ಬಂದಿದ್ದಾರೆ. ಶೆಟ್ಟಮ್ಮನ ಅಂಗಡಿಯ ಪಕ್ಕದಲ್ಲಿ, ಸಾಮಾನು ಕೊಳ್ಳಲು ಬಂದವಳಂತೆ, ಇವಳಿಗೆ ಒಂದು ಸ್ಥಾನ ಖಾಯಂ ಆಗಿದೆ. ಈ ದೊರೆಸಾನಿಯ ವಂಶವೃತ್ತಾಂತವನ್ನು ಹುಡುಕಲು ಹೊರಟುದೇ ಈ ಭಾಷಣಕ್ಕೆ ಕಾರಣವಾಯಿತು.

ಬೊಂಬೆಗಳ ವಿಷಯವಾಗಿ ವಿದ್ವಾಂಸರು ಮಾತನಾಡುವುದೆಂದರೇನು ಎಂದು ಕೆಲವರಿಗೆ ನಗು ಬರಬಹುದು. ಆದರೆ ನಮ್ಮ ಪ್ರಾಚೀನರು ಹಾಗೆ ನಗಲಿಲ್ಲ. ಶೂದ್ರಕನ ಮೃಚ್ಛಕಟಿಕಕ್ಕೆ ಹೆಸರು ಬಂದುದೇ ಒಂದು ಮಣ್ಣಿನ ಗಾಡಿಯಿಂದ. ಬಡವನಾದ ಚಾರುದತ್ತನ ಮಗು ನೆರೆಮನೆಯ ಹುಡುಗನ ಚಿನ್ನದ ಗಾಡಿಗಾಗಿ ಅಳುತ್ತದೆ. ಆ ಅಳುವನ್ನು ಕಂಡ ವಸಂತಸೇನೆ ತನ್ನ ಒಡವೆಗಳನ್ನು ಕಳಚಿ ಮಣ್ಣಿನ ಗಾಡಿಗೆ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನಿಗೆ ವಿರುದ್ಧವಾದ ಸಾಕ್ಷ್ಯವಾಗಿ ನಿಲ್ಲುತ್ತವೆ. ಮಗುವಿನ ಆಟದ ಸಾಮಾನಿಗೂ ಹಿರಿಯರ ಪ್ರಾಣಕ್ಕೂ ನಡುವೆ ಇರುವ ದಾರಿ ಬಹು ಹತ್ತಿರದ್ದು ಎಂಬುದನ್ನು ಆ ಕವಿ ಅರಿತಿದ್ದನು. ಇಪ್ಪತ್ತನೆಯ ಶತಮಾನದ ಮೊದಲ ಕಾಲದ ವರ್ತಮಾನ ಪತ್ರಿಕೆಗಳೂ ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಹೇಳುತ್ತವೆ. ಅವುಗಳಿಂದ ನಾಲ್ಕು ಪ್ರಸಂಗಗಳನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು ಕರಡಿಯ ಪ್ರಸಂಗ. 1902ನೆಯ ಇಸವಿ ನವೆಂಬರ್ ತಿಂಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನು ಮಿಸಿಸಿಪಿ ಪ್ರಾಂತಕ್ಕೆ ಕರಡಿಯ ಬೇಟೆಗೆಂದು ಹೋದನು. ಬೇಟೆಯ ಮುಂದಾಳಾಗಿದ್ದವನು ಹೋಲ್ಟ್ ಕಾಲಿಯರ್ ಎಂಬ ನೀಗ್ರೋ ಜನಾಂಗದ ಪ್ರವೀಣ, ಹುಟ್ಟಿದಾಗ ಗುಲಾಮನಾಗಿದ್ದವನು. ದಿನಗಳು ಕಳೆದರೂ ಅಧ್ಯಕ್ಷನ ಬಂದೂಕಿಗೆ ಕರಡಿ ಸಿಕ್ಕಲಿಲ್ಲ. ಕಡೆಗೆ ನಾಯಿಗಳು ಅಟ್ಟಿ ದಣಿಸಿದ ಒಂದು ಕರಡಿಯನ್ನು ಕಾಲಿಯರನು ಹಿಡಿದು ಮರಕ್ಕೆ ಕಟ್ಟಿ, ಅಧ್ಯಕ್ಷನನ್ನು ಕರೆಸಿದನು. ಕಟ್ಟಿಹಾಕಿದ ಮೃಗವನ್ನು ಹೊಡೆಯುವುದು ಬೇಟೆಗಾರನ ಧರ್ಮವಲ್ಲವೆಂದು ರೂಸ್‌ವೆಲ್ಟನು ನಿರಾಕರಿಸಿದನು. ನವೆಂಬರ್ 16ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ ಎಂಬ ಚಿತ್ರಗಾರನು ಈ ಸಂಗತಿಯನ್ನು ವ್ಯಂಗ್ಯಚಿತ್ರವಾಗಿ ಬರೆದನು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿಯಿಟ್ಟಿದ್ದ ಮಾರಿಸ್ ಮಿಚ್ಟಮ್ ಮತ್ತು ಆತನ ಪತ್ನಿ ರೋಸ್ ಎಂಬುವರು ಬಟ್ಟೆಯ ಕರಡಿಯೊಂದನ್ನು ಹೊಲಿದು, ಅಧ್ಯಕ್ಷನ ಮುದ್ದು ಹೆಸರನ್ನಿಟ್ಟು, ಕಿಟಕಿಯಲ್ಲಿ ಕೂರಿಸಿದರು. ಟೆಡ್ಡಿಯ ಕರಡಿ ಹುಟ್ಟಿದುದು ಹೀಗೆ.

ಅದೇ ಸಮಯಕ್ಕೆ ಸಮುದ್ರದಾಚೆ ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿಯೂ ಕೀಲುಕೈಗಳ ಒಂದು ಕರಡಿ ತಯಾರಾಗುತ್ತಿದ್ದಿತು. ಅಲ್ಲಿಯ ಕಾರ್ಖಾನೆಯ ಒಡತಿ ಮಾರ್ಗರೆಟ್ ಸ್ಟೈಫ್ ಎಂಬಾಕೆ. ಎಳೆತನದಲ್ಲಿ ಬಂದ ಪೋಲಿಯೋ ರೋಗದಿಂದ ಕಾಲುಗಳ ಸ್ವಾಧೀನ ತಪ್ಪಿ, ಗಾಲಿಕುರ್ಚಿಯಲ್ಲಿ ಕುಳಿತೇ ಬಾಳಿದವಳು. ಹೊಲಿಗೆಯಿಂದ ಜೀವನ ಪ್ರಾರಂಭಿಸಿ, ಬಟ್ಟೆಯ ಆನೆಯ ಆಕಾರದಲ್ಲಿ ಸೂಜಿಮೆತ್ತೆಗಳನ್ನು ಮಾಡಿ, ಮಕ್ಕಳು ಅವನ್ನು ಆಟಕ್ಕೆ ತೆಗೆದುಕೊಳ್ಳುವುದನ್ನು ಕಂಡು ಬೊಂಬೆಯ ಉದ್ಯಮಕ್ಕೆ ತೊಡಗಿದವಳು. ಈಕೆಯ ಸೋದರನ ಮಗ ರಿಚರ್ಡನು ರೂಪಿಸಿದ ಕರಡಿಯನ್ನು 1903ರ ಲೈಪ್‌ಜಿಗ್ ಸಂತೆಯಲ್ಲಿ ಅಮೆರಿಕಾದ ವರ್ತಕನೊಬ್ಬನು ಕಂಡು ಮೂರು ಸಾವಿರ ಬೇಕೆಂದನು. 1907ರಲ್ಲಿ ಆ ಒಂದು ಕಾರ್ಖಾನೆಯಿಂದಲೇ ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟು ಕರಡಿಗಳು ಹೊರಬಂದವು. ಅದೇ ವರ್ಷ ಮಿಶಿಗನ್ ಪ್ರಾಂತದ ಪಾದ್ರಿಯೊಬ್ಬನು, ಹೆಣ್ಣುಮಕ್ಕಳು ಮಗುವಿನ ಬೊಂಬೆಯನ್ನು ಬಿಟ್ಟು ಕರಡಿಯನ್ನು ಎತ್ತಿಕೊಂಡರೆ ಅವರಲ್ಲಿ ತಾಯ್ತನದ ಸ್ವಭಾವವೇ ನಾಶವಾಗುವುದೆಂದು ಪ್ರವಚನ ಮಾಡಿದನು. ಪತ್ರಿಕೆಗಳು ಅದನ್ನು ದೇಶದ ತುಂಬ ಸಾರಿದವು. ಹೆಣ್ಣುಮಕ್ಕಳಾದರೋ ಕರಡಿಯನ್ನು ಅಪ್ಪಿಕೊಂಡು ಸುಖವಾಗಿ ನಿದ್ರೆಮಾಡಿ, ಕಾಲಕ್ರಮದಲ್ಲಿ ತಾಯಂದಿರೂ ಆದರು.

ಈ ಕಥೆಯಲ್ಲಿ ಒಂದು ಅಂಶವನ್ನು ಮಾತ್ರ ಜನ ಮರೆತಿದ್ದಾರೆ. ರೂಸ್‌ವೆಲ್ಟನು ಕರಡಿಯನ್ನು ತಾನು ಹೊಡೆಯಲಿಲ್ಲ, ನಿಜ. ಆದರೆ ಅದು ಆಗಲೇ ಬಲವಾಗಿ ಗಾಯಗೊಂಡಿದ್ದುದರಿಂದ ಅದರ ಸಂಕಟವನ್ನು ಮುಗಿಸಿಬಿಡಿರೆಂದನು; ಕತ್ತಿಯಿಂದ ಅದನ್ನು ಕೊಂದರು. ಬೆರಿಮನ್ನನ ಚಿತ್ರದಲ್ಲಿ ಈ ರಕ್ತವಿಲ್ಲ. ಅವನ ಮುಂದಿನ ಚಿತ್ರಗಳಲ್ಲಿ ಕರಡಿ ಇನ್ನೂ ಕಿರಿದಾಗಿ ಮುದ್ದುಮರಿಯಾಯಿತು. ಅಂಗಡಿಗೆ ಬರುವ ವೇಳೆಗೆ ಕೇವಲ ಮೆತ್ತನೆಯ ಬಟ್ಟೆಯಾಯಿತು. ಹಿರಿಯರ ಲೋಕದ ಸಂಗತಿಗಳು ರಕ್ತವನ್ನು ತೊಳೆದುಕೊಂಡು ಮಕ್ಕಳ ಕೈಗೆ ಬರುತ್ತವೆ. ಬೊಂಬೆಯ ಒಂದು ಲಕ್ಷಣ ಇದು.

ಎರಡನೆಯ ಪ್ರಸಂಗ ನಮ್ಮ ದೊರೆಸಾನಿಯ ತೌರುಮನೆಯದು. ಮಹಾಯುದ್ಧಕ್ಕೆ ಮೊದಲು ಲೋಕದ ಆಟಿಕೆಗಳ ಪೇಟೆಯೆಲ್ಲ ಬಹುಮಟ್ಟಿಗೆ ಜರ್ಮನಿಯದಾಗಿದ್ದಿತು. ನ್ಯೂರೆಂಬರ್ಗಿನಿಂದ ತಗಡಿನ ರೈಲು, ಹಡಗುಗಳು; ತುರಿಂಗಿಯಾ ಬೆಟ್ಟಸೀಮೆಯ ಸೋನೆಬರ್ಗಿನಿಂದ ಬೊಂಬೆಗಳು; ಅದರ ನೆರೆಯ ಲೌಷಾ ಎಂಬ ಊರಿನಿಂದ ಅವಕ್ಕೆ ಗಾಜಿನ ಕಣ್ಣುಗಳು. ಸೋನೆಬರ್ಗಿನ ಸುತ್ತಣ ಹಳ್ಳಿಗಳಲ್ಲಿ ಈ ಕೆಲಸ ಹೆಚ್ಚಾಗಿ ನಡೆಯುತ್ತಿದ್ದುದು ಮನೆಗಳಲ್ಲಿ. ಒಂದು ಮನೆಯವರು ತೋಳು ಮಾಡಿದರೆ, ಇನ್ನೊಂದು ಮನೆಯವರು ಮೈಗೆ ಹೊಟ್ಟು ತುಂಬುವರು; ಮತ್ತೊಂದು ಮನೆಯಲ್ಲಿ ತುಟಿಗೆ ಕೆಂಪು ಬಳಿಯುವರು. ವರ್ತಕನು ಕೊಟ್ಟ ಬೆಲೆಯೇ ಬೆಲೆ. ಕ್ರಿಸ್ಮಸ್ ಹತ್ತಿರವಾದಾಗ ತಾಯಿ ತಂದೆಯರ ಜೊತೆಗೆ ಸಣ್ಣ ಮಕ್ಕಳೂ ರಾತ್ರಿ ಬಹಳ ಹೊತ್ತಿನವರೆಗೆ ದೀಪದ ಮುಂದೆ ಕುಳಿತು ದುಡಿಯುತ್ತಿದ್ದರು. ಅಂದರೆ ಒಂದು ಮಗು ಆಡುವುದಕ್ಕಾಗಿ ಇನ್ನೊಂದು ಮಗು ಆಟವನ್ನು ಬಿಡಬೇಕಾಗಿದ್ದಿತು. ನಮ್ಮ ದೊರೆಸಾನಿಯ ಕೆನ್ನೆಯ ಕೆಂಪು ಯಾವ ಮಗುವಿನ ಕೈಕೆಲಸವೋ! ಅವಳನ್ನು ಮೆಟ್ಟಿಲಿನಲ್ಲಿ ನಿಲ್ಲಿಸುವಾಗ ಈ ಯೋಚನೆ ಬಾರದಿರುವುದಿಲ್ಲ.

ಮೂರನೆಯದು ಯುದ್ಧದ ಪ್ರಸಂಗ. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಎಂಬುವನು ಸೀಸದ ಸಿಪಾಯಿಗಳನ್ನು ಒಳಗೆ ಪೊಳ್ಳಾಗಿರುವಂತೆ ಎರಕಹೊಯ್ಯುವ ಕ್ರಮವನ್ನು ಕಂಡುಹಿಡಿದನು. ಲೋಹ ಕಡಮೆಯಾಯಿತು, ಬೆಲೆ ಇಳಿಯಿತು. ಸಾಮಾನ್ಯರ ಮನೆಯ ಹುಡುಗನಿಗೂ ಒಂದು ದಂಡು ಲಭಿಸಿತು. 1913ರಲ್ಲಿ ಪ್ರಸಿದ್ಧ ಗ್ರಂಥಕರ್ತನಾದ ಎಚ್. ಜಿ. ವೆಲ್ಸ್ ಮಹಾಶಯನು ಇಂತಹ ಸಿಪಾಯಿಗಳನ್ನೂ ಕೊಳವೆಯಿಂದ ಮರದ ಗುಂಡು ಹಾರಿಸುವ ಪುಟ್ಟ ಫಿರಂಗಿಗಳನ್ನೂ ಇಟ್ಟುಕೊಂಡು ನೆಲದ ಮೇಲೆ ಆಡುವ ಯುದ್ಧಕ್ಕೆ ನಿಯಮಗಳನ್ನು ಬರೆದು, ಲಿಟ್ಲ್ ವಾರ್ಸ್ ಎಂಬ ಪುಸ್ತಕವನ್ನು ಪ್ರಕಟಿಸಿದನು. ಯುದ್ಧವನ್ನು ಆಡಬೇಕೆನ್ನುವವರು ಈ ಸಣ್ಣ ಯುದ್ಧವನ್ನೇ ಆಡಲಿ, ದೊಡ್ಡ ಯುದ್ಧ ಮನುಷ್ಯನ ಬುದ್ಧಿಗೆ ಮೀರಿದ ಅನರ್ಥ ಎಂಬುದು ಆತನ ಅಭಿಪ್ರಾಯ. ಮರುವರ್ಷ, 1914ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಶಾಂತಿಪ್ರಿಯರಾದ ಕೆಲವರು, ಸಿಪಾಯಿ ಫಿರಂಗಿಗಳಿಗೆ ಬದಲಾಗಿ ಶಾಂತಿಯ ಆಟಿಕೆಗಳನ್ನು ಮಕ್ಕಳಿಗೆ ಕೊಡಬೇಕೆಂದು ಪ್ರದರ್ಶನ ಏರ್ಪಡಿಸಿದರು. ಮಾರ್ಚಿ ತಿಂಗಳ ಪತ್ರಿಕೆಗಳಲ್ಲಿ ಈ ಸುದ್ದಿ ಬಂದಿತು.

ಆ ಸುದ್ದಿಯನ್ನು ಆಧಾರಮಾಡಿಕೊಂಡು ಸಾಕಿ ಎಂಬ ಕಾವ್ಯನಾಮದ ಹೆಕ್ಟರ್ ಮನ್ರೋ ಒಂದು ಕಥೆ ಬರೆದನು. ಅದರಲ್ಲಿ ಸೋದರಮಾವನೊಬ್ಬನು ಅಳಿಯಂದಿರಿಗೆ ಫಿರಂಗಿಗಳನ್ನು ಕೊಡದೆ, ಪುರಸಭೆಯ ಕಸದ ತೊಟ್ಟಿ, ಅರ್ಥಶಾಸ್ತ್ರಜ್ಞರ ಬೊಂಬೆ ಮೊದಲಾದುವನ್ನು ತಂದುಕೊಡುತ್ತಾನೆ. ಹುಡುಗರು ಕೊಂಚ ಹೊತ್ತು ಪೆಚ್ಚಾಗಿದ್ದು, ಆಮೇಲೆ ಆ ಪಂಡಿತರನ್ನೇ ಸೇನಾಪತಿಗಳನ್ನಾಗಿ ಮಾಡಿ, ಕಟ್ಟಡದ ಗೋಡೆಗೆ ಫಿರಂಗಿಯ ರಂಧ್ರಗಳನ್ನು ಕೊರೆದು, ಕೆಂಪು ಶಾಯಿಯ ರಕ್ತ ಹರಿಸಿ ಯುದ್ಧ ಹೂಡುತ್ತಾರೆ. ಕಥೆಯನ್ನು ಓದಿದವರು ನಗದಿರಲಾರರು. ಆದರೆ ಆ ನಗೆಯ ಮುಂದಿನ ಕಥೆ ಹೀಗಿದೆ. 1914ರ ಆಗಸ್ಟಿನಲ್ಲಿ ನಿಜವಾದ ಯುದ್ಧವೇ ಬಂದಿತು. ಸೇನೆಗೆ ಸೇರುವ ವಯಸ್ಸು ಮೀರಿದ್ದರೂ ಮನ್ರೋ ಸಾಮಾನ್ಯ ಸಿಪಾಯಿಯಾಗಿ ಸೇರಿ, 1916ರ ನವೆಂಬರಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗುಂಡಿಗೆ ಬಲಿಯಾದನು. ಕಥೆ ಪುಸ್ತಕರೂಪವಾಗಿ ಬಂದುದು 1919ರಲ್ಲಿ, ಬರೆದವನು ಮಡಿದ ಮೇಲೆ.

ಯುದ್ಧವು ಜರ್ಮನಿಯ ಬೊಂಬೆಗಳಿಗೆ ಸಮುದ್ರದ ಬಾಗಿಲನ್ನು ಮುಚ್ಚಿತು. ಆ ಪೇಟೆಯಲ್ಲಿ ಅಮೆರಿಕಾ, ಜಪಾನುಗಳು ಕಾಲೂರಿದವು. 1918ರಲ್ಲಿ ಅಮೆರಿಕಾದ ರಾಷ್ಟ್ರರಕ್ಷಣಾ ಮಂಡಲಿಯು, ಯುದ್ಧ ಮುಗಿಯುವವರೆಗೆ ಕ್ರಿಸ್ಮಸ್ ಕಾಣಿಕೆಗಳ ವ್ಯಾಪಾರವನ್ನೇ ನಿಲ್ಲಿಸಬೇಕೆಂದು ಯೋಚಿಸಿತು. ಆಗ ಆಟಿಕೆಯ ತಯಾರಕರ ಪರವಾಗಿ ಎ. ಸಿ. ಗಿಲ್ಬರ್ಟನು ರಾಜಧಾನಿಗೆ ಹೋದನು. ಈತನು 1908ರ ಒಲಿಂಪಿಕ್ ಪಂದ್ಯದಲ್ಲಿ ಗಳುವಿನ ನೆಗೆತದಲ್ಲಿ ಚಿನ್ನದ ಪದಕ ಪಡೆದವನು. 1913ರಿಂದ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಸೇತುವೆ ಕಟ್ಟುವ ಆಟದ ಪೆಟ್ಟಿಗೆಗಳನ್ನು ಮಾರುತ್ತಿದ್ದವನು. ಮಾತಿನ ಜೊತೆಗೆ ಒಂದು ಮೂಟೆ ಆಟದ ಸಾಮಾನುಗಳನ್ನೂ ಒಯ್ದಿದ್ದನು. ಯುದ್ಧಸಚಿವ, ನೌಕಾಸಚಿವ ಮೊದಲಾದ ಘನಸ್ತಿಕೆಯ ಪುರುಷರು ಸ್ವಲ್ಪ ಹೊತ್ತಿಗೆಲ್ಲ ನೆಲದ ಮೇಲೆ ಕುಳಿತು, ಬೊಂಬೆಯ ಜಲಾಂತರ್ಗಾಮಿಯನ್ನೂ ಉಗಿಯಂತ್ರವನ್ನೂ ಹಿಡಿದು ಆಡತೊಡಗಿದರಂತೆ. ನಿರ್ಬಂಧದ ಯೋಚನೆ ಅಲ್ಲಿಗೇ ಬಿದ್ದುಹೋಯಿತು. ಕ್ರಿಸ್ಮಸ್ಸನ್ನು ಉಳಿಸಿದವನೆಂದು ಪತ್ರಿಕೆಗಳು ಗಿಲ್ಬರ್ಟನನ್ನು ಕೊಂಡಾಡಿದವು.

ಇದು ಸಂತೋಷದ ಕಥೆಯೇ. ಆದರೆ ಬಾಲ್ಯದ ಆಟದ ಬಂದೂಕುಗಳೇ ಸೈನಿಕರಿಗೆ ಗುರಿಯಿಡಲು ಕಲಿಸಿದವೆಂಬುದೂ ಆತನ ವಾದಗಳಲ್ಲಿ ಒಂದಾಗಿದ್ದಿತು ಎಂಬುದನ್ನು ಮರೆಯಲಾಗದು. ಸಾಕಿಯ ಕಥೆಯಲ್ಲಿ ಮಕ್ಕಳು ಶಾಂತಿಯ ಬೊಂಬೆಗಳಿಗೆ ಯುದ್ಧವನ್ನು ಕಲಿಸಿದರು. ಆ ಮಕ್ಕಳಿಗೆ ಯುದ್ಧವನ್ನು ಕಲಿಸಿದವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ನಾಲ್ಕನೆಯ ಪ್ರಸಂಗ ಕೊಡುತ್ತದೆ.

1924ರಲ್ಲಿ ಅಮೆರಿಕಾದ ಶಾಸನಸಭೆಯು ವಲಸೆಯ ಕಾನೂನೊಂದನ್ನು ಮಾಡಿ, ಜಪಾನಿನವರು ಆ ದೇಶದಲ್ಲಿ ಬಂದು ನೆಲಸದಂತೆ ಬಾಗಿಲು ಹಾಕಿತು. ಜಪಾನಿನಲ್ಲಿ ಇದರಿಂದ ಬಹು ನೋವಾಯಿತು. ಜಪಾನಿನಲ್ಲಿ ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಇದ್ದು ಅಲ್ಲಿಯ ಭಾಷೆ, ನಡೆನುಡಿಗಳನ್ನು ಬಲ್ಲ ಸಿಡ್ನಿ ಗುಲಿಕ್ ಎಂಬ ಪಾದ್ರಿಯು, ಹಿರಿಯರ ಮನಸ್ಸು ಕೆಟ್ಟರೂ ಮಕ್ಕಳ ಮನಸ್ಸಾದರೂ ಕೂಡಿರಲಿ ಎಂದು ಒಂದು ಉಪಾಯ ಹೂಡಿದನು. ಜಪಾನಿನಲ್ಲಿ ಮಾರ್ಚಿ 3ರಂದು ಹೆಣ್ಣುಮಕ್ಕಳ ಬೊಂಬೆಯ ಹಬ್ಬ. ಅದರ ವರ್ಣನೆಯನ್ನು ಕೇಳಿದರೆ ನಮ್ಮವರಿಗೆ ಆಶ್ಚರ್ಯವಾಗಬಹುದು. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು. ಎಲ್ಲಕ್ಕೂ ಮೇಲೆ ಚಕ್ರವರ್ತಿ, ಚಕ್ರವರ್ತಿನಿಯರ ಬೊಂಬೆಗಳು. ಕೆಳಗೆ ಸಖಿಯರು, ಅವರ ಕೆಳಗೆ ವಾದ್ಯಗಾರರು, ಪುಟ್ಟ ಪೆಟ್ಟಿಗೆ ಪಲ್ಲಕ್ಕಿಗಳು. ನಮ್ಮ ಪಟ್ಟದ ಬೊಂಬೆಗಳ ದೂರದ ನಂಟರಂತೆ ಕಾಣುತ್ತಾರೆ.

ಈ ಹಬ್ಬಕ್ಕೆ ಅಮೆರಿಕಾದ ಮಕ್ಕಳಿಂದ ಬೊಂಬೆಗಳನ್ನು ಕಳುಹಿಸಬೇಕೆಂದು ಗುಲಿಕ್ಕನೂ ಅವನ ಸಮಿತಿಯವರೂ ನಿಶ್ಚಯಿಸಿದರು. ಊರೂರಿನ ಹುಡುಗಿಯರು ಹಣ ಕೂಡಿಸಿದರು, ಬೊಂಬೆಗಳಿಗೆ ಅಂಗಿ ಹೊಲಿದರು, ಹೆಸರಿಟ್ಟರು; ಒಂದೊಂದಕ್ಕೂ ಪ್ರಯಾಣದ ರಹದಾರಿ ಬರೆದರು, ಕಾಗದ ಬರೆದಿಟ್ಟರು. 1927ರಲ್ಲಿ ಹೀಗೆ ಹಡಗು ಹತ್ತಿದ ಬೊಂಬೆಗಳು 12,739. ಜಪಾನಿನಲ್ಲಿ ಇವುಗಳ ಸ್ವಾಗತಕ್ಕೆ ಮುಂದಾಳಾದವನು ಎಂಬತ್ತು ದಾಟಿದ ವೃದ್ಧ ವರ್ತಕಶ್ರೇಷ್ಠನಾದ ಶಿಬುಸಾವಾ ಐಇಚಿ. ಟೋಕಿಯೋ ನಗರದಲ್ಲಿ ಸಭೆ ಸೇರಿ ಈ ನೀಲಿಗಣ್ಣಿನ ಅತಿಥಿಗಳನ್ನು ರಾಯಭಾರಿಗಳಂತೆ ಬರಮಾಡಿಕೊಂಡರು. ಆಮೇಲೆ ದೇಶದ ಶಾಲೆಶಾಲೆಗೂ ಹಂಚಿದರು. ಜಪಾನಿನ ಹುಡುಗಿಯರು ಒಂದೊಂದು ಸೆನ್ ಕಾಸು ಕೂಡಿಸಿ, ನುರಿತ ಶಿಲ್ಪಿಗಳಿಂದ 58 ದೊಡ್ಡ ಬೊಂಬೆಗಳನ್ನು ಮಾಡಿಸಿ, ರೇಷ್ಮೆಯ ಕಿಮೋನೋ ತೊಡಿಸಿ, ಅದೇ ವರ್ಷ ಅಮೆರಿಕಾಕ್ಕೆ ಮರುಕಾಣಿಕೆಯಾಗಿ ಕಳುಹಿಸಿದರು. ಉಭಯ ದೇಶಗಳ ಪತ್ರಿಕೆಗಳಲ್ಲಿಯೂ ಅಂದು ಇದೇ ಮಾತು.

ಹದಿನಾಲ್ಕು ವರ್ಷ ಕಳೆಯಿತು. 1941ರ ಡಿಸೆಂಬರಿನಲ್ಲಿ ಆ ಎರಡು ದೇಶಗಳಿಗೆ ಯುದ್ಧ ಹತ್ತಿತು. 1943ರ ಫೆಬ್ರವರಿಯಲ್ಲಿ ಜಪಾನಿನ ಪತ್ರಿಕೆಯೊಂದು, ಶಾಲೆಗಳಲ್ಲಿರುವ ನೀಲಿಗಣ್ಣಿನ ಬೊಂಬೆಗಳು ವೇಷ ಮರೆಸಿಕೊಂಡ ಶತ್ರುಗಳೆಂದು ಬರೆಯಿತು. ಉತ್ತರದ ಅಓಮೊರಿ ಪ್ರಾಂತದ ಶಾಲೆಯೊಂದರಲ್ಲಿ, ಈ ಬೊಂಬೆಯನ್ನು ಏನು ಮಾಡಬೇಕೆಂದು ಮಕ್ಕಳನ್ನೇ ಕೇಳಿದರು. ಮುರಿಯಬೇಕೆಂದರು ಕೆಲವರು, ಸುಡಬೇಕೆಂದರು ಹಲವರು. ಊರೂರಿನ ಶಾಲೆಯ ಅಂಗಳಗಳಲ್ಲಿ ಬೊಂಬೆಗಳನ್ನು ಸುಟ್ಟರು. ಬಿದಿರಿನ ಈಟಿಗಳಿಂದ ಇರಿದರು. ಇರಿದ ಕೈಗಳು ಹಲವೆಡೆ ಮಕ್ಕಳ ಕೈಗಳೇ. ಹದಿನಾರು ವರ್ಷಗಳ ಕೆಳಗೆ ಇಂತಹ ಮಕ್ಕಳ ಕೈಗೇ ಅವನ್ನು ಕೊಟ್ಟು ಇವರು ನಿಮ್ಮ ಗೆಳತಿಯರೆಂದು ಹೇಳಿದ್ದವರು ಹಿರಿಯರು. ಈಗ ಇವರು ನಿಮ್ಮ ಶತ್ರುಗಳೆಂದು ಹೇಳಿದವರೂ ಹಿರಿಯರೇ. ಬೊಂಬೆ ಅಂದೂ ಇಂದೂ ಅದೇ ಬೊಂಬೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಪ್ಪಣೆಯನ್ನು ಮೀರಿ ಕೆಲವು ಶಾಲೆಗಳ ಉಪಾಧ್ಯಾಯಿನಿಯರೂ ಉಪಾಧ್ಯಾಯರೂ ಬೊಂಬೆಗಳನ್ನು ಬಚ್ಚಿಟ್ಟರು. ಅಟ್ಟದ ಮೇಲೆ, ಕಪಾಟಿನ ಹಿಂದೆ, ಹಳೆಯ ಸಾಮಾನಿನ ಕೋಣೆಯಲ್ಲಿ ಅವು ಉಸಿರು ಬಿಗಿಹಿಡಿದು ಕುಳಿತವು. ಸಿಕ್ಕಿಬಿದ್ದರೆ ದೇಶದ್ರೋಹದ ಅಪವಾದಕ್ಕೆ ಗುರಿಯಾಗಬೇಕೆಂಬುದು ಅವರಿಗೆ ತಿಳಿಯದುದಲ್ಲ. ಯುದ್ಧ ಕಳೆದು ಬಹುಕಾಲವಾದ ಮೇಲೆ, ಶಾಲೆಯ ಕಟ್ಟಡಗಳನ್ನು ದುರಸ್ತು ಮಾಡುವಾಗಲೋ, ಹಳೆಯ ಪೆಟ್ಟಿಗೆಗಳನ್ನು ತೆರೆಯುವಾಗಲೋ, ಒಂದೊಂದಾಗಿ ಹೊರಬಂದವು. ಹನ್ನೆರಡು ಸಾವಿರಕ್ಕೆ ಮೇಲ್ಪಟ್ಟ ಬೊಂಬೆಗಳಲ್ಲಿ ಹೀಗೆ ಸಿಕ್ಕಿದವು ಸುಮಾರು ಮುನ್ನೂರು. 1980ರ ದಶಕದಲ್ಲಿ ಗುಲಿಕ್ಕನ ಮೊಮ್ಮಗನು ಅಜ್ಜನ ಹೆಸರಿನಲ್ಲಿ ಮತ್ತೆ ಜಪಾನಿನ ಮಕ್ಕಳಿಗೆ ಬೊಂಬೆಗಳನ್ನು ಕಳುಹಿಸತೊಡಗಿದನು.

ಈ ಇತಿಹಾಸವನ್ನು ಓದಿದಾಗ ನಮ್ಮ ಮನೆಯಲ್ಲಿ ಹಿಂದಿನಿಂದ ಹೇಳುತ್ತ ಬಂದಿರುವ ಒಂದು ಮಾತು ನೆನಪಿಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದ ಒಂದು ನವರಾತ್ರಿಯಲ್ಲಿ, ಹಬ್ಬಕ್ಕೆ ಬಂದಿದ್ದ ಅಳಿಯಂದಿರೊಬ್ಬರು ದೊರೆಸಾನಿಯ ಕತ್ತಿನ ಅಚ್ಚನ್ನು ಓದಿ, ಇದು ಶತ್ರುದೇಶದ ಸಾಮಾನು, ಹೊರಗಿನವರು ಕಂಡರೆ ಚೆನ್ನಾಗಿರುವುದಿಲ್ಲ, ತೆಗೆದಿಡುವುದು ಲೇಸು ಎಂದರಂತೆ. ಅವರು ಸರಕಾರದ ನೌಕರಿಯಲ್ಲಿದ್ದವರು. ಅವರ ಭಯ ಅಕಾರಣವಾದುದಲ್ಲ. ನಮ್ಮ ಮುತ್ತಜ್ಜಿ ಆರತಿಯ ತಟ್ಟೆಯನ್ನು ಕೆಳಗಿಟ್ಟು, “ಮನೆಗೆ ಬಂದ ಕೂಸನ್ನ ಯಾವೂರದು ಅಂತ ಕೇಳಿ ಹೊರಕ್ಕೆ ಹಾಕ್ತಾರೇನಪ್ಪ? ಶೆಟ್ಟಮ್ಮನ ಹತ್ತಿರ ಅಕ್ಕಿ ಕೊಳ್ಳೋಕೆ ಬಂದಿದ್ದಾಳೆ, ಕೊಂಡುಕೊಳ್ಳಲಿ ಬಿಡಿ” ಎಂದರಂತೆ. ದೊರೆಸಾನಿ ನಿಂತಲ್ಲೇ ನಿಂತಳು. ಮುತ್ತಜ್ಜಿ ಪತ್ರಿಕೆ ಓದಿದವರಲ್ಲ. ಜಪಾನಿನ ಆ ಉಪಾಧ್ಯಾಯಿನಿಯರ ಸಂಗತಿ ಅವರಿಗೆ ತಿಳಿಯುವಂತೆಯೂ ಇರಲಿಲ್ಲ. ಆದರೂ ಇವರೆಲ್ಲ ಒಂದೇ ಕುಲದವರು ಎಂದು ನಮಗೆ ತೋರುತ್ತದೆ.

ಬೊಂಬೆಗೆ ತನ್ನದೆಂಬ ಗುಣವಿಲ್ಲ. ಅದರಲ್ಲಿ ಪ್ರಾಣಪ್ರತಿಷ್ಠೆ ಮಾಡುವವನು ಮನುಷ್ಯ. ಪ್ರೀತಿಯನ್ನಾಗಲಿ ದ್ವೇಷವನ್ನಾಗಲಿ ಅದರೊಳಕ್ಕೆ ತುಂಬುವವನೂ ಅವನೇ. ಶಾಂತಿಯ ಬೊಂಬೆಗಳನ್ನು ಕೊಟ್ಟಮಾತ್ರಕ್ಕೆ ಮಕ್ಕಳು ಶಾಂತರಾಗುವುದಿಲ್ಲ ಎಂದು ಸಾಕಿ ನಕ್ಕುದು ಸರಿಯೇ. ಮಕ್ಕಳು ಕಲಿಯುವುದು ಬೊಂಬೆಯಿಂದಲ್ಲ, ಬೊಂಬೆಯ ಸುತ್ತ ನಿಂತು ಹಿರಿಯರು ಆಡುವ ಮಾತಿನಿಂದ. ಆದಕಾರಣ ಮಗುವಿಗೆ ಏನನ್ನು ಕೊಡೋಣ ಎಂದು ಅಂಗಡಿಯಲ್ಲಿ ನಿಂತು ಯೋಚಿಸುವ ತಂದೆತಾಯಿಗಳಿಗೆ ನಾವು ಹೇಳಬಹುದಾದುದು ಇಷ್ಟೇ. ಚನ್ನಪಟ್ಟಣದ ಆಲೆಯ ಮರದಲ್ಲಿ ಕಡೆದು, ತಿರುಗುವ ಚರಕಿಯ ಮೇಲೆ ಅರಗಿನ ಬಣ್ಣ ಹಿಡಿದು, ತಾಳೆಯ ಗರಿಯಿಂದ ನಯಮಾಡಿದ ಕುದುರೆಯನ್ನು ಕೊಡಿ. ಇಲ್ಲವೆ ಮಣ್ಣಿನ ಎತ್ತನ್ನೇ ಕೊಡಿ. ಅದನ್ನು ಮಾಡಿದ ಕೈ ಯಾವುದು, ಆ ಕೈಗೆ ಕೂಲಿ ಸರಿಯಾಗಿ ಸಂದಿತೆ ಎಂಬುದನ್ನು ಒಮ್ಮೆ ಕೇಳಿ ಕೊಡಿ. ಕೊಟ್ಟ ಮೇಲೆ, ಅದರ ಮುಂದೆ ಆಡುವ ಮಾತಿನಲ್ಲಿ ಎಚ್ಚರವಿರಲಿ.

ಬರುವ ನವರಾತ್ರಿಯಲ್ಲಿ ಪೆಟ್ಟಿಗೆ ಮತ್ತೆ ಕೆಳಗಿಳಿಯುತ್ತದೆ. ದೊರೆಸಾನಿಯ ಒಂದು ಕಣ್ಣು ಈಚೆಗೆ ಸ್ವಲ್ಪ ಸಡಿಲವಾಗಿದೆ, ಅಂಗಿಯೂ ಹಳೆಯದಾಯಿತು. ನಮ್ಮ ಮನೆಯ ಹುಡುಗಿಯರು ಈ ಸಲ ಅವಳಿಗೆ ಜರಿಯ ಲಂಗ ಹೊಲಿಯಬೇಕೆಂದಿದ್ದಾರೆ. ನಾವು ಬೇಡವೆನ್ನಲಿಲ್ಲ.